ಕತ್ತರಿ ಬೆರಳು

ಕಾರ್ಡು ಬಂದಾಗ ನಾನು ಮೊದಲು ನೋಡಿದ್ದು ಊರಿನ ಹೆಸರನ್ನು. ಶಿವಗಣಾರಾಧನೆಯ ಕಾರ್ಡು. ಅವರ ಹೆಸರು, ಲಿಂಗೈಕ್ಯರಾದ ದಿನ, ಅದರ ಕೆಳಗೆ ಸಮಾಧಿ ಸ್ಥಳ: ಆನೆಕೊಂಡ. ಇದೇನು, ತಪ್ಪಾಗಿ ಅಚ್ಚು ಹಾಕಿಸಿದ್ದಾರಲ್ಲ ಅಂದುಕೊಂಡೆ. ಅವರು ಹರಿಹರದವರು. ಹುಟ್ಟಿದ್ದು, ಬಾಳಿದ್ದು, ಹೆಂಡತಿಯನ್ನು ಮಣ್ಣು ಮಾಡಿದ್ದು ಎಲ್ಲ ಹರಿಹರದಲ್ಲೇ. ಕರೆಯುವವರ ಹೆಸರು ಯಾರದೆಂದು ನೋಡಿದೆ. ಅವರ ಹೆಂಡತಿಯ ತಮ್ಮನದು. ಆಮೇಲೆ ಒಂದು ಲೋಟ ನೀರು ಕುಡಿದು ಕುಳಿತೆ. ಅಚ್ಚು ತಪ್ಪಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಊರಿಗೆ ಅವರು ಆಪರೇಟರು, ನನಗೆ ಅಣ್ಣಾರು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿ ಒಂದು ಸೀಡಿ ಅಂಗಡಿ. ಮುಂದುಗಡೆ ಬಾಡಿಗೆಗೆ ಕೊಡುವ ಸಿನಿಮಾ ಸೀಡಿಗಳ ಕಪಾಟು, ಹಿಂದುಗಡೆ ಪರದೆ ಇಳಿಬಿಟ್ಟ ಕೋಣೆ, ಅದರಲ್ಲಿ ಒಂದೇ ಒಂದು ಕಂಪ್ಯೂಟರು. ಗಿರಾಕಿಗಳು ನನ್ನ ಪಾಲು, ಕಂಪ್ಯೂಟರು ಅವರ ಪಾಲು. ನನಗಾಗ ಮೂವತ್ತೆರಡು, ಅವರಿಗೆ ಐವತ್ತು ದಾಟಿತ್ತು. ನಾನು ಬಾಯಿ ಮುಚ್ಚಿಕೊಂಡಿರುವವಳಲ್ಲ, ಅವರು ಬಾಯಿ ತೆರೆಯುವವರಲ್ಲ. ಮೊದಲ ವಾರವೇ ಜಗಳವಾಯಿತು.

ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದದ್ದು ಎದೆ ತಟ್ಟಿಕೊಂಡು ಹೇಳಿಕೊಳ್ಳುವ ಕೆಲಸವೇನಲ್ಲ. ಹೊರಗಿನಿಂದ ತಂದ ಸಿನಿಮಾ ಸೀಡಿಯನ್ನು ಕಂಪ್ಯೂಟರಿಗೆ ಇಳಿಸುವುದು, ಖಾಲಿ ಸೀಡಿಗೆ ಬರೆಯುವುದು. ಕಷ್ಟವೇನೆಂದರೆ, ಕಂಪನಿಯ ಸೀಡಿಯಲ್ಲಿ ಎಂಬತ್ತು ನಿಮಿಷದವರೆಗೆ ತುಂಬಿರುತ್ತಿದ್ದರು. ನಮಗೆ ಸಿಗುವ ಖಾಲಿ ಸೀಡಿ ಹಿಡಿಯುತ್ತಿದ್ದದ್ದು ಎಪ್ಪತ್ನಾಲ್ಕೇ ನಿಮಿಷ. ಉಳಿದ ಆರು ನಿಮಿಷ ಏನು ಮಾಡುವುದು? ಒಂದೋ ಚಿತ್ರವನ್ನು ಹಿಂಡಿ ಸಣ್ಣದು ಮಾಡಬೇಕು. ಅದಕ್ಕೆ ಕಂಪ್ಯೂಟರು ದಿನವಿಡೀ ಗುಂಯ್ಗುಡುತ್ತಿತ್ತು, ಹಿಂಡಿದಷ್ಟೂ ಮುಖಗಳೆಲ್ಲ ಚೌಕಚೌಕವಾಗಿ ಒಡೆದುಕೊಳ್ಳುತ್ತಿದ್ದವು. ಇಲ್ಲವೋ ಆರು ನಿಮಿಷ ಕತ್ತರಿಸಿ ಎಸೆಯಬೇಕು. ಮಾಲೀಕರಿಗೆ ಇದಾವುದರ ರಗಳೆಯೂ ಬೇಡ. ಸಾಫ್ಟ್‌ವೇರಿನಲ್ಲಿ ಒಂದು ಪುಟ್ಟ ಚೌಕವಿತ್ತು. ಅದರಲ್ಲಿ ಟಿಕ್ ಹಾಕಿದರೆ ಸೀಡಿ ಎಲ್ಲಿ ತುಂಬುತ್ತದೋ ಅಲ್ಲಿಗೆ ಸಿನಿಮಾ ನಿಂತುಬಿಡುತ್ತಿತ್ತು. ಮಾಲೀಕರು ದಿನಾ ಟಿಕ್ ಹಾಕಿ ಹೋಗುತ್ತಿದ್ದರು. ಅಣ್ಣಾರು ಬಂದು ಕುಳಿತವರೇ ಮೊದಲು ಆ ಟಿಕ್ ತೆಗೆಯುತ್ತಿದ್ದರು.

"ಕೊನೇದು ಕತ್ತರಿಸಬಾರ್ದು ತಂಗಿ. ಕೊನೇದು ಕತ್ತರಿಸಿದ್ರೆ ನೋಡ್ದವನು ಮನೆಗೆ ಹೋಗಾಕೆ ಆಗಲ್ಲ, ಅಲ್ಲೇ ನಿಂತಿರ್ತಾನೆ" ಎಂದು ಒಮ್ಮೆ ಹೇಳಿದರು. ಅದು ಅವರ ಮಟ್ಟಿಗೆ ದೊಡ್ಡ ಭಾಷಣ.

ಈ ವಿದ್ಯೆ ಅವರಿಗೆ ಕಂಪ್ಯೂಟರಿನಿಂದ ಬಂದದ್ದಲ್ಲ. ಹರಿಹರದ ಒಂದು ಟಾಕೀಸಿನಲ್ಲಿ ಇಪ್ಪತ್ತೆಂಟು ವರ್ಷ ಆಪರೇಟರಾಗಿದ್ದವರು. ಟಾಕೀಸು ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ಅಲ್ಲಿ ಹೊಳೆ ಆಚೆಯ ಹಳ್ಳಿಯವರಿಗೆ ಕೊನೆಯ ಬಸ್ಸು ತಪ್ಪಬಾರದೆಂದು ಉದ್ದನೆಯ ಸಿನಿಮಾಗಳನ್ನು ಹತ್ತು ಹದಿನೈದು ನಿಮಿಷ ಮೊಟಕು ಮಾಡುತ್ತಿದ್ದರಂತೆ. ಕತ್ತರಿ, ಅಂಟು, ಮತ್ತೆ ಜೋಡಣೆ. ಏನನ್ನು ಕತ್ತರಿಸುತ್ತಿದ್ದಿರಿ ಎಂದು ಕೇಳಿದೆ.

"ಬಾಗ್ಲು ತೆಗಿಯೋದು. ಮೆಟ್ಲು ಇಳಿಯೋದು. ಕಾರು ಬಂದು ನಿಲ್ಲೋದು."

"ಅದನ್ನ ತೆಗೆದ್ರೆ ಜನಕ್ಕೆ ಗೊತ್ತಾಗಲ್ವೇನ್ರಿ?"

"ಮನುಷ್ಯ ಒಳಗ ಬಂದು ನಿಂತಾನಲ್ಲ, ಅಂದ್ ಮೇಲೆ ಬಾಗ್ಲು ತಗದೇ ಬಂದಿರ್ತಾನ. ಅದನ್ನೇನು ನೋಡೋದು? ಇಪ್ಪತ್ತೆಂಟು ವರ್ಷ, ಒಬ್ಬ ಬಂದು ಕೇಳಿಲ್ಲ."

ಅವರಿಗೊಂದು ಅಭ್ಯಾಸವಿತ್ತು. ಬೇಡದ ಮಾತು ಬಂದರೆ ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಬಲಗೈಯ ಎರಡು ಬೆರಳು ಎತ್ತಿ ಗಾಳಿಯಲ್ಲಿ ಒಂದು ಸಲ ಕತ್ತರಿ ಆಡಿಸುತ್ತಿದ್ದರು. ಅಲ್ಲಿಗೆ ಆ ಮಾತು ಮುಗಿಯಿತು. ಮಾಲೀಕರು ಬೈಯುವಾಗಲೂ ಕತ್ತರಿ, ನಾನು ಒಗ್ಗರಣೆ ಹಾಕುವಾಗಲೂ ಕತ್ತರಿ. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ನಗು ಬರತೊಡಗಿತು. ಒಂದು ದಿನ ಮಾತ್ರ ನಗು ಬರಲಿಲ್ಲ. "ಅಕ್ಕಾರು ಹೆಂಗಿದ್ದಾರ್ರಿ?" ಎಂದು ಅವರ ಹೆಂಡತಿಯ ಬಗ್ಗೆ ಕೇಳಿದ್ದೆ ಅಷ್ಟೆ. ಬೆರಳು ಎದ್ದವು. ಮುಖ ನೋಡಿ ಗಿರಾಕಿಗಳ ಕಡೆ ತಿರುಗಿದೆ.

ಅಕ್ಕನಿಗೆ ಲಕ್ವ ಹೊಡೆದು ನಾಲ್ಕು ವರ್ಷವಾಗಿತ್ತು. ಎಡಗೈ, ಎಡಗಾಲಿಗೆ ಸ್ವಾಧೀನವಿಲ್ಲ. ಹಾಸಿಗೆಯೇ ಗತಿ. ಮಕ್ಕಳಿಲ್ಲ. ಅಣ್ಣಾರು ಬೆಳಿಗ್ಗೆ ಅವರನ್ನು ತೊಳೆದು, ಬಟ್ಟೆ ಬದಲಿಸಿ, ತಿನ್ನಿಸಿ, ಪ್ಯಾಸೆಂಜರ್ ಗಾಡಿ ಹಿಡಿದು ದಾವಣಗೆರೆಗೆ ಬಂದರೆ ಮತ್ತೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಮಧ್ಯಾಹ್ನ ಪಕ್ಕದ ಮನೆಯ ಹೆಂಗಸು ಬಂದು ಗಂಜಿ ಕುಡಿಸಿ, ಮಗ್ಗುಲು ಬದಲಿಸಿ ಹೋಗುತ್ತಿದ್ದಳು. ಹಾಸಿಗೆಯ ಎದುರಿಗೆ ಟೀವಿ, ಸೀಡಿ ಪ್ಲೇಯರು. ಅಣ್ಣಾರು ಹೊರಡುವಾಗ ಒಂದು ಸೀಡಿ ಹಾಕಿ, ರಿಮೋಟನ್ನು ಬಲಗೈಗೆ ಕೊಟ್ಟು ಬರುತ್ತಿದ್ದರು. ಸಿನಿಮಾ ಎಂದರೆ ಎರಡು ಸೀಡಿ, ಉದ್ದದ್ದಾದರೆ ಮೂರು. ಮೊದಲನೆಯದು ಮುಗಿಯುತ್ತಿತ್ತು. ಎರಡನೆಯದನ್ನು ಹಾಕುವವರು ಯಾರು? ಪಕ್ಕದ ಮನೆಯವಳು ಕರೆಂಟಿನ ಸಾಮಾನು ಮುಟ್ಟುವುದಿಲ್ಲ ಎಂದು ಆಣೆ ಇಟ್ಟವಳು. ಅರ್ಧ ಸಿನಿಮಾ ನೋಡಿ, ಉಳಿದರ್ಧಕ್ಕೆ ಸಂಜೆವರೆಗೆ ನೀಲಿ ಪರದೆ ನೋಡುತ್ತ ಮಲಗಿರಬೇಕು.

ಅದಕ್ಕೇ ಅವರು ಇಡೀ ಸಿನಿಮಾವನ್ನು ಒಂದೇ ಸೀಡಿಗೆ ಇಳಿಸಲು ಹೊರಟದ್ದು. ಮಾಲೀಕರ ಕೆಲಸ ಮುಗಿದ ಮೇಲೆ, ಊಟದ ಬಿಡುವಿನಲ್ಲಿ. ಎರಡೂವರೆ ಗಂಟೆಯ ಸಿನಿಮಾವನ್ನು ಅರ್ಧಕ್ಕರ್ಧ ಹಿಂಡಿದರೆ ಚಿತ್ರ ಗೋಡೆಯ ಮೇಲಿನ ಪಾಚಿಯಂತಾಗುತ್ತಿತ್ತು. ಆದ್ದರಿಂದ ಮೊದಲು ಕತ್ತರಿ, ಆಮೇಲೆ ಹಿಂಡುವುದು. ಬಾಗಿಲು ಹೋದವು, ಮೆಟ್ಟಿಲು ಹೋದವು, ಕಾರುಗಳು ಹೋದವು. ಎಷ್ಟು ಖಾಲಿ ಸೀಡಿ ಕೆಟ್ಟವೋ! ಒಂದು ಬೆಳಿಗ್ಗೆ ಬಂದವರೇ, "ಪೂರ್ತಿ ನೋಡಿದ್ಲು ತಂಗಿ. ಪೂರ್ತಿ" ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಆವತ್ತು. ನನಗೂ ಖುಷಿಯಾಗಿ ಎದುರಿನ ಹೋಟೆಲಿನಿಂದ ಮಿರ್ಚಿ ಮಂಡಕ್ಕಿ ತರಿಸಿದೆ.

ಆಮೇಲಾಮೇಲೆ ಅಕ್ಕನ ಕಾಲು ಬಾತವು, ಉಸಿರು ಸಿಕ್ಕಿಕೊಳ್ಳತೊಡಗಿತು. ದಾವಣಗೆರೆಗೇ ಕರೆತಂದು ಡಾಕ್ಟರಿಗೆ ತೋರಿಸಿದರು. ಡಾಕ್ಟರು ಚೀಟಿ ಬರೆಯಲಿಲ್ಲ. "ಮನೆಗೆ ಕರ್ಕಂಡೋಗ್ರಿ, ಏನ್ ಕೇಳ್ತಾರೋ ಕೊಡ್ರಿ" ಎಂದರಂತೆ. ಇದರ ಅರ್ಥ ಯಾರಿಗೆ ಗೊತ್ತಿಲ್ಲ? ಇದನ್ನು ನನಗೆ ಹೇಳಿದ್ದು ಮಾಲೀಕರು, ಅಣ್ಣಾರಲ್ಲ.

ಅದೇ ತಿಂಗಳು ಒಂದು ಭಾನುವಾರ ಹರಿಹರಕ್ಕೆ ಹೋದೆ. ಅಕ್ಕ ನಾನು ಅಂದುಕೊಂಡಂತಿರಲಿಲ್ಲ. ಮಾತು ಒಂದಿಷ್ಟು ತೊದಲು, ಆದರೆ ಎಂಥ ಬಾಯಿ! ನನಗೆ ಜೋಡಿ ಸಿಕ್ಕಂತಾಯಿತು. ಅಣ್ಣಾರು ಹಾಲು ತರಲು ಹೊರಗೆ ಹೋದರು. ಅಕ್ಕ ರಿಮೋಟಿನಿಂದ ಟೀವಿಯನ್ನು ತೋರಿಸಿ, "ನಮ್ಮನೆ ಪಿಚ್ಚರ್‌ನಾಗೆ ಒಂದು ವಿಶೇಷ ಐತೆ, ಗೊತ್ತೇನವ್ವ? ಯಾರೂ ಸಾಯಂಗಿಲ್ಲ" ಎಂದು ನಕ್ಕರು.

ನನಗೆ ಅರ್ಥವಾಗಲಿಲ್ಲ.

"ಬಾಗ್ಲು, ಮೆಟ್ಲು ಅಂತ ನಿನಗೆ ಹೇಳ್ಯಾರೇನು? ಈಗ ಅಷ್ಟೇ ಅಲ್ಲ. ಆಸ್ಪತ್ರೆ ಬಂದ್ರೆ ಕಟ್. ಹಾಸಿಗಿ ಹಿಡದ್ರೆ ಕಟ್. ಇವು ಎಲ್ಲಾ ನಾನು ಇವ್ರ ಟಾಕೀಸ್‌ನಾಗೇ ನೋಡಿರೋ ಪಿಚ್ಚರು. ಆ ಹಳೇ ಸಂಸಾರದ ಪಿಚ್ಚರ್ ಐತಲ್ಲ, ಅದನ್ನ ಏಳು ಸಲ ನೋಡೀನಿ. ಕೊನಿಗೆ ಆ ಹೆಂಡ್ತಿ ಗಂಡನ್ನ ಕೂರಿಸ್ಕಂಡು ಎಲ್ಲಾ ಹೇಳಿ ಸಾಯ್ತಾಳೆ. ಇವ್ರು ಅದಕ್ಕಿಂತ ಮುಂಚೆನೇ ಎಲ್ರೂ ನಗ್ತಾ ನಿಂತಿರೋದಕ್ಕೆ ಮುಗಿಸ್ಯಾರೆ. ಕೊನೇದು ಕತ್ತರಿಸಬಾರ್ದು ಅಂತ ಊರಿಗೆಲ್ಲ ಹೇಳೋರು!"

ನಗುತ್ತಿದ್ದವರು ನಗು ನಿಲ್ಲಿಸಿದರು. ನನ್ನ ಕೈ ಹಿಡಿದುಕೊಂಡರು. ಬಲಗೈಯಲ್ಲಿ ಇನ್ನೂ ಒಳ್ಳೆಯ ಶಕ್ತಿಯಿತ್ತು.

"ನನಗೂ ಒಂದು ಮಾತು ಹೇಳೋದೈತೆ ಅವ್ರಿಗೆ. ಹೇಳಾಕೆ ಬಿಡಂಗಿಲ್ಲ. ನಾನು ಹೋದ್ ಮೇಲೆ ಅಂತ ಬಾಯಿ ತೆಗದ್ರೆ ಬೆರಳು ಎತ್ತುತಾರೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಎದ್ದು ಹೊಳಿ ದಂಡಿಗೆ ಹೋಗಿ ನಿಂತ್ಬಿಡ್ತಾರೆ. ಹೋದ ಸಲ ಬರೋದ್ರಾಗೆ ನನ್ನ ಹಾಸಿಗಿ ಒದ್ದಿಯಾಗಿತ್ತು. ಅವತ್ತಿಂದ ಬಿಟ್ಟೆ."

ಏನು ಆ ಮಾತು ಎಂದೆ. ಅಕ್ಕ ಹೇಳಿದರು. ಮದುವೆಯಾದ ಎರಡನೆಯ ವರ್ಷ, ಚೊಚ್ಚಲ ಬಾಣಂತನಕ್ಕೆ ತವರಿಗೆ, ಆನೆಕೊಂಡಕ್ಕೆ ಹೋಗಿದ್ದರು. ಹೆಣ್ಣು ಮಗು. ಟಾಕೀಸಿಗೆ ಹಬ್ಬದ ಹೊಸ ಸಿನಿಮಾ ಬಂದಿತ್ತು, ಆಪರೇಟರು ಒಬ್ಬರೇ. ತೊಟ್ಟಿಲಿಗೆ ಹಾಕುವ ದಿನ ಬರುತ್ತೇನೆ ಎಂದು ಹೇಳಿ ಕಳಿಸಿದರು. ಒಂಬತ್ತನೆಯ ದಿನ ಮಗು ಹೋಯಿತು. ಇವರು ಬರುವ ಹೊತ್ತಿಗೆ ಅಕ್ಕನ ಅಪ್ಪ ಅದನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಅಣ್ಣಾರು ಅದರ ಮುಖವನ್ನೇ ನೋಡಲಿಲ್ಲ. ಅವತ್ತಿನಿಂದ ಆ ಮಗುವಿನ ಮಾತೂ ಕತ್ತರಿಗೆ ಸೇರಿತು. ಆಮೇಲೆ ಮಕ್ಕಳಾಗಲಿಲ್ಲ.

"ನನ್ನ ಅದರ ಮಗ್ಗಲಾಗೆ ಇಡ್ಲಿ. ಅಷ್ಟೇ ನೋಡವ್ವ. ಇಪ್ಪತ್ತಾರು ವರ್ಷಾತು, ಒಂದೇ ಮಲಗೇತಿ ಅಲ್ಲಿ."

"ನಾನೇ ಹೇಳ್ಲಾ ಅಕ್ಕಾ?" ಎಂದೆ.

"ಬ್ಯಾಡ. ಇನ್ನೊಬ್ರ ಬಾಯಿಂದ ಹೋದ್ರೆ ದೂರು ಹೇಳ್ದಂಗಾಗ್ತತೆ. ನೀನು ಒಂದು ಕೆಲ್ಸ ಮಾಡು. ಆ ಸಂಸಾರದ ಪಿಚ್ಚರ್‌ನಾಗೆ ಅವ್ರು ಕತ್ತರಿಸಿದ್ದನ್ನ ವಾಪಸ್ ಅಂಟಿಸಿ ಕೊಡು. ಭಾನುವಾರ ನನ್ನ ಮಗ್ಗಲಾಗೆ ಕೂತು ನೋಡ್ತಾರೆ. ಅವಳು ಹೇಳಾಕೆ ಶುರು ಮಾಡ್ತಿದ್ದಂಗೆ ನಾನು ಕೈ ಹಿಡ್ಕಂತೀನಿ. ಬೆರಳು ಎತ್ತಾಕಾಗಬಾರ್ದು, ಆ ಕೈ. ಅವಳ ಜೊತಿಗೆ ನನ್ನದೂ ಹೇಳ್ಬಿಡ್ತೀನಿ."

ಆಗಲಿ ಎಂದು ಮಾತು ಕೊಟ್ಟೆ.

ಆ ವಾರ ಅಂಗಡಿಯಲ್ಲಿ ಸೀಡಿಗೆ ಇಳಿಸಬೇಕಾದ ಮದುವೆ ಕ್ಯಾಸೆಟ್ಟುಗಳ ರಾಶಿ. ಮುಂದಿನ ವಾರವೂ ಹಾಗೇ. ಎರಡು ವಾರ ಕಳೆದವು, ನಾನು ಸುಳ್ಳು ಹೇಳಬಾರದು, ಬೇಕಾಗಿದ್ದರೆ ಸಮಯ ಮಾಡಿಕೊಳ್ಳಬಹುದಿತ್ತು. ಮೂರನೆಯ ಶನಿವಾರ ಅಣ್ಣಾರು ಕಂಪ್ಯೂಟರು ಮುಟ್ಟುವ ಮೊದಲೇ ಖಾಲಿ ಸೀಡಿ ತರಲು ಪೇಟೆಗೆ ಹೋದಾಗ, ಅವರನ್ನು ನೋಡಿ ಕಲಿತಿದ್ದಷ್ಟರಲ್ಲೇ ಕಂಪ್ಯೂಟರಿನ ಮುಂದೆ ಕುಳಿತೆ. ಇಳಿಸಿಟ್ಟಿದ್ದ ಪೂರ್ತಿ ಸಿನಿಮಾ ಅದರಲ್ಲೇ ಇತ್ತು. ಅವರು ಕತ್ತರಿಸಿದ್ದ ಕೊನೆಯ ಒಂಬತ್ತು ನಿಮಿಷ ಹುಡುಕಿ ಜೋಡಿಸಿದೆ. ಆ ಭಾಗವನ್ನು ಮಾತ್ರ ಹಿಂಡಲು ಬಿಟ್ಟು, ಅವರು ತಿರುಗಿ ಬರುವುದರೊಳಗೆ ಸೀಡಿ ಬರೆದೂ ಆಯಿತು. ಗಿರಾಕಿಗಳು ಕೂಗುತ್ತಿದ್ದರು. ಹಾಕಿ ನೋಡಲಿಲ್ಲ. ಕವರಿನಲ್ಲಿಟ್ಟು, "ಅಕ್ಕಾರ ಹಳೇ ಸೀಡಿ ಗೀರು ಬಿದ್ದೈತೆ ಅಂದಿದ್ರು, ಇದು ಹೊಸದು. ನಾಳೆ ಇಬ್ರೂ ಕೂತ್ಕಂಡು ನೋಡ್ರಿ" ಎಂದು ಅವರ ಚೀಲಕ್ಕೆ ನಾನೇ ಹಾಕಿದೆ.

ಸೋಮವಾರ ಬಂದರು. ಊಟದ ಡಬ್ಬಿ ಇಟ್ಟರು. ಕಂಪ್ಯೂಟರು ಹಚ್ಚಿದರು. ಅದು ತೆರೆದುಕೊಳ್ಳುವವರೆಗೆ ಕಾದು, ಪರದೆ ಸರಿಸಿ ನನ್ನನ್ನು ಕರೆದರು.

"ತಂಗಿ, ಟಿಕ್ ತಗದಿಲ್ಲ ನೀನು."

ಮಾಲೀಕರ ಆ ಹಾಳು ಟಿಕ್! ಒಂಬತ್ತು ನಿಮಿಷ ಸೇರಿಸಿದವಳು ಬೇರೆಲ್ಲೂ ಒಂದು ನಿಮಿಷ ಕಡಿಮೆ ಮಾಡಿರಲಿಲ್ಲ. ಸೀಡಿ ತುಂಬಿದಲ್ಲಿಗೆ ಸಿನಿಮಾ ನಿಂತಿತ್ತು.

"ಎಲ್ಲಿಗೆ ನಿಂತತ್ರಿ?" ಎಂದೆ.

"ಗಂಡ ಬಂದು ಬಾಗ್ಲು ತಗದ. ಅಷ್ಟೇ."

"ಅಕ್ಕಾರು ಏನಂದ್ರು?"

"ಏನೂ ಅನ್ನಲಿಲ್ಲ. ನನ್ನ ಕೈ ಹಿಡ್ಕಂಡಿದ್ಲು. ಪಿಚ್ಚರ್ ನಿಂತ್ ಮೇಲೂ ಹಿಡ್ಕಂಡಿದ್ಲು ಒಂದಿಷ್ಟು ಹೊತ್ತು. ಆಮೇಲೆ ಬಿಟ್ಲು."

ಆ ಒಂಬತ್ತು ನಿಮಿಷ ಏಕೆ ಸೇರಿಸಿದೆ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಬೇಡ ಎಂದು ಅಕ್ಕ ಹೇಳಿದ್ದು ನೆನಪಿತ್ತು. ಬರುವ ಶನಿವಾರ ಸರಿಯಾದದ್ದನ್ನು ಕಳಿಸುತ್ತೇನೆ, ನಾನೇ ಹಾಕಿ ನೋಡಿ ಕಳಿಸುತ್ತೇನೆ ಎಂದು ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡೆ. ಅಕ್ಕ ಶನಿವಾರದವರೆಗೆ ಇರಲಿಲ್ಲ. ಬುಧವಾರ ಮಧ್ಯಾಹ್ನ ಅಂಗಡಿಗೆ ಫೋನು ಬಂತು. ಗಂಜಿ ಹಿಡಿದು ಒಳಗೆ ಹೋದ ಪಕ್ಕದ ಮನೆಯವಳೇ ಮೊದಲು ನೋಡಿದ್ದು.

ಅಣ್ಣಾರ ಜೊತೆ ನಾನೂ ಹೋದೆ. ಬಸ್ಸಿನಲ್ಲಿ ಅವರು ಕಿಟಕಿಯ ಸರಳು ಹಿಡಿದು ಕುಳಿತಿದ್ದರು. ಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ಜನ ತುಂಬಿದ್ದರು. ಅಣ್ಣಾರು ಹೊಸ್ತಿಲಿನಲ್ಲಿ ನಿಂತರು. ಹಿಂದಿನಿಂದ ಬಂದವರು ಅವರನ್ನು ಬಳಸಿಕೊಂಡು ಒಳಗೆ ಹೋಗುತ್ತಿದ್ದರು. ಎಷ್ಟು ಹೊತ್ತು ನಿಂತರೋ ನನಗೆ ಲೆಕ್ಕವಿಲ್ಲ. ಟೀವಿಯನ್ನು ಯಾರೂ ಆರಿಸಿರಲಿಲ್ಲ. ನೀಲಿ ಪರದೆ ಹಾಗೇ ಇತ್ತು. ನಾನೇ ಹೋಗಿ ಆರಿಸಿದೆ.

ಅಣ್ಣಾರ ಅಣ್ಣನೇ ಮನೆಗೆ ಹಿರಿಯ. ಎಲ್ಲ ಅವರೇ ಗೊತ್ತು ಮಾಡಿದರು. ಹೊತ್ತು ಮುಳುಗುವುದರೊಳಗೆ ಊರ ರುದ್ರಭೂಮಿಯಲ್ಲಿ, ಮನೆತನದವರ ಸಾಲಿನಲ್ಲಿ. ಕುಣಿ ತೋಡಲು ಆಳುಗಳು ಹೋದರು. ಇನ್ನು ಸುಮ್ಮನಿರಲು ನನ್ನಿಂದಾಗಲಿಲ್ಲ. ಹಿತ್ತಲಲ್ಲಿ ನೀರಿನ ತೊಟ್ಟಿಯ ಹತ್ತಿರ ಅಣ್ಣಾರು ಒಬ್ಬರೇ ಕುಳಿತಿದ್ದರು. ಹೋಗಿ ಎದುರಿಗೆ ನಿಂತೆ.

"ಅಣ್ಣಾರೆ, ಅಕ್ಕ ಆನೆಕೊಂಡದಾಗೆ ಇಡಬೇಕು ಅಂದಿದ್ರು. ಪಾಪು ಮಗ್ಗಲಾಗೆ. ನಿಮಗೆ ಹೇಳಬೇಕು ಅಂತಿದ್ರು."

ಬೆರಳು ಎದ್ದವು. ಗಾಳಿಯಲ್ಲಿ ಒಂದು ಸಲ ಕತ್ತರಿ ಆಡಿತು.

ನಾನು ಸುಮ್ಮನಾದೆ. ಜಗತ್ತಿಗೆಲ್ಲ ಬಾಯಿ ಮಾಡುವ ನಾನು ಅವತ್ತು ಸುಮ್ಮನಾದೆ. ಕೂಗಾಡಬೇಕಿತ್ತು, ಆ ಬೆರಳುಗಳನ್ನು ಹಿಡಿದು ಮಡಚಬೇಕಿತ್ತು, ಅವರಣ್ಣನ ಮುಂದೆ ಹೋಗಿ ರಂಪ ಮಾಡಬೇಕಿತ್ತು. ಹೊರಗಿನವಳು ನಾನು, ನನಗೇನು ಹಕ್ಕು ಎಂದು ಆಗ ಅನ್ನಿಸಿತು. ಹಕ್ಕಂತೆ, ಮಣ್ಣು! ಅಕ್ಕನನ್ನು ಹರಿಹರದಲ್ಲೇ ಇಟ್ಟರು.

ಹದಿನೈದು ದಿನದ ಮೇಲೆ ಅವರು ಕೆಲಸಕ್ಕೆ ಬಂದರು. ಮತ್ತೆ ಏನನ್ನೂ ಕತ್ತರಿಸಲಿಲ್ಲ. ಬಾಗಿಲು ತೆಗೆಯುವುದು, ಮೆಟ್ಟಿಲು ಇಳಿಯುವುದು, ಸಾಯುವುದು, ಅತ್ತು ಕರೆಯುವುದು ಎಲ್ಲವನ್ನೂ ಇಟ್ಟು, ಸೀಡಿಗೆ ಹಿಡಿಯುವವರೆಗೆ ಚಿತ್ರವನ್ನೇ ಹಿಂಡುತ್ತಿದ್ದರು. ಗಿರಾಕಿಗಳು ಸೀಡಿ ತಂದು ಎಸೆಯತೊಡಗಿದರು. "ಮುಖಾನೇ ಕಾಣಂಗಿಲ್ಲ ಏನ್ರಿ ಇದು!" ಎಂದು ಒಬ್ಬರು ಕೂಗಿದಾಗ ಅಣ್ಣಾರು ಪರದೆಯ ಹಿಂದಿನಿಂದಲೇ, "ಕಥಿ ಪೂರ್ತಿ ಐತೆ" ಎಂದರು. ಮಾಲೀಕರು ಮೂರು ತಿಂಗಳು ತಡೆದರು, ಆಮೇಲೆ ಬೇಡ ಎಂದರು. ಹೊರಡುವ ದಿನ ಅವರು ಆ ಟಿಕ್ ತೆಗೆದು, ಕಂಪ್ಯೂಟರು ಆರಿಸಿ, ಡಬ್ಬಿ ತೆಗೆದುಕೊಂಡು ಹೋದರು. ನನಗೆ "ಬರ್ತೀನಿ ತಂಗಿ" ಅಂದರು. ಎಲ್ಲೋ ಗೋದಾಮಿನಲ್ಲಿ ಕಾವಲಿಗಿದ್ದಾರೆ ಎಂದು ಒಮ್ಮೆ ಕೇಳಿದ್ದೆ. ಹೋಗಿ ನೋಡಲಿಲ್ಲ. ಮುಖವಿರಲಿಲ್ಲ ನನಗೆ.

ಶಿವಗಣಾರಾಧನೆಗೆ ಹೋದೆ. ಅಕ್ಕನ ತಮ್ಮ ನನ್ನನ್ನು ಗುರುತು ಹಿಡಿದದ್ದು ಹೇಗೋ. "ಆ ಕಂಪ್ಯೂಟರ್ ಅಂಗಡಿಯಾಗಿದ್ದ ತಂಗಿ ನೀವೇ ಏನ್ರಿ? ಬರ್ರಿ" ಎಂದು ಪಂಕ್ತಿ ಏಳುವುದರೊಳಗೆ ಹೊಲಕ್ಕೆ ಕರೆದುಕೊಂಡು ಹೋದರು. ಬದುವಿನಲ್ಲಿ ಒಂದು ಹಳೆಯ ಕಲ್ಲು, ಮೊಣಕಾಲಿನಷ್ಟು ಎತ್ತರ. ಅದರ ಪಕ್ಕದಲ್ಲಿ ಹಸಿ ಮಣ್ಣು.

"ನಾಕು ವರ್ಷದಿಂದ ಅಮಾಸಿಗೊಮ್ಮೆ ಬರ್ತಿದ್ರು ಭಾವ. ಕಲ್ಲು ತೊಳೆದು ಹೋಗ್ತಿದ್ರು, ಮಾತಾಡ್ತಿರಲಿಲ್ಲ. ಈ ಸಲ ಹಾಸಿಗಿ ಹಿಡದ ಮೇಲೆ ಕರೆಸ್ಕಂಡ್ರು. 'ಅವಳು ಕೇಳಿದ್ದ ಜಾಗ ಅದು, ನಾನು ಕೊಡಲಿಲ್ಲ, ನನ್ನನ್ನಾದ್ರೂ ಅಲ್ಲಿಡ್ರಿ, ಒಬ್ರಾದ್ರೂ ಅದರ ಹತ್ರ ಇರ್ಲಿ' ಅಂದ್ರು. ಅವರ ಮನಿಯೋರು ಜಗಳ ತಗದ್ರು. ನಾನು ಬಿಡ್ಲಿಲ್ಲ."

ವಾಪಸು ಹೊರಡುವಾಗ ಅವರೇ ಹೇಳಿದರು. "ನಿಮಗೂ ಒಂದು ಮಾತು ಹೇಳಾಕೆ ಹೇಳ್ಯಾರೆ. 'ತಂಗಿ ಅವತ್ತು ಹೇಳಿದ್ದು ನಾನು ಕೇಳಿಸ್ಕಂಡಿದ್ದೆ' ಅಂತ."

ಊಟಕ್ಕೆ ಕುಳಿತೆ, ಅರ್ಧಕ್ಕೇ ಎದ್ದೆ. ಅಲ್ಲಿಂದ ನೇರ ಹರಿಹರದ ಬಸ್ಸು ಹತ್ತಿದೆ. ರುದ್ರಭೂಮಿ ತುಂಬಿಹೋಗಿತ್ತು. ಹಳೆಯದರ ಮೇಲೆ ಹೊಸದು ಬಂದಿತ್ತು, ಆ ಮನೆತನದ ಸಾಲು ಯಾವುದೆಂದೇ ತಿಳಿಯಲಿಲ್ಲ. ಕೇಳೋಣವೆಂದರೆ ಅಲ್ಲಿ ಯಾರೂ ಇರಲಿಲ್ಲ. ಒಂದಷ್ಟು ಹೊತ್ತು ಹುಡುಕಿದೆ. ಕೊನೆಗೆ ನಡುವೆ ಒಂದು ಕಡೆ ನಿಂತು, ಎಲ್ಲಿದ್ದರೂ ಕೇಳಿಸಲೆಂದು ಜೋರಾಗಿಯೇ ಹೇಳಿದೆ.

"ಅಕ್ಕಾ, ಅವ್ರು ಕೇಳಿಸ್ಕಂಡಿದ್ರಂತೆ."